ಪುಟ್ಟಿಗೆ, ಭಾನುವಾರದ ಪ್ರಾರ್ಥನೆ ಬಗ್ಗೆ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ಕೇಳಿಸಿಕೊಂಡೆ. ಅಳಿಯಂದಿರು ಕೆಲಸದ ಮೇಲೆ ನೈಜೀರಿಯಾದ ರಾಜಧಾನಿ ಅಬುಜಾದಲ್ಲಿದ್ದಾರೆ, ಅದಕ್ಕೆ ಭಾನುವಾರ ಸಭೆಯಲ್ಲಿ ನೈಜೀರಿಯಾಕ್ಕಾಗಿ ಪ್ರಾರ್ಥನೆ ನಡೆಸು ಅಂತ ಚರ್ಚಿನವರು ನಿನಗೇ ಒಪ್ಪಿಸಿದ್ದಾರೆ. ಯಾರೋ ಕಳಿಸಿದ ಹಳ್ಳಿ ಉರಿಯುವ ವಿಡಿಯೋ ಅಲ್ಲಿ ತೋರಿಸಲಾ, ಏನಂತ ಬೇಡಿಕೊಳ್ಳಲಿ, ಭಯ ಆಗುತ್ತಿದೆ ದೊಡ್ಡಮ್ಮ ಅಂತ ಕೇಳಿದ್ದೀಯ. ಹೇಳುತ್ತೇನೆ ಮಗಳೇ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ನಾವು ಉತ್ತರ ನೈಜೀರಿಯಾದ ಝಾರಿಯಾದಲ್ಲಿ, ಹೌಸಾ ಮುಸ್ಲಿಮರೇ ಹೆಚ್ಚಿರುವ ಊರಿನಲ್ಲಿ, ಇದ್ದದ್ದು ನಿಮಗೆಲ್ಲ ಗೊತ್ತೇ ಇದೆ. ದೊಡ್ಡಪ್ಪ ಅಲ್ಲಿ ಗಣಿತದ ಮೇಷ್ಟ್ರು. ಅಟ್ಟದ ಮೇಲಿರುವ ಹಸಿರು ಟ್ರಂಕು ಅಲ್ಲಿಂದ ತಂದದ್ದೇ. 1987ರ ಮಾರ್ಚ್. ಕಫಾಂಚನ್ ಅನ್ನುವ ಊರಿನ ಶಿಕ್ಷಕರ ಕಾಲೇಜಿನಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಕೂಟ ಇತ್ತು. ಅಲ್ಲಿ ಬೋಧಕನೊಬ್ಬ ಕುರಾನಿನ ಮಾತನ್ನು ತಿರುಚಿ ಹೇಳಿದ ಅಂತ ಜಗಳ ಶುರುವಾಯಿತು. ಆ ಊರಲ್ಲಿ ಸತ್ತವರಲ್ಲಿ ಮುಸ್ಲಿಮರು ಇದ್ದರು, ಸುಟ್ಟದ್ದು ಮಸೀದಿ. ಆ ಸುದ್ದಿ ಬಾಯಿಂದ ಬಾಯಿಗೆ ಬೆಳೆಯುತ್ತಾ ನಮ್ಮ ಕಡೆ ಬಂತು. ಝಾರಿಯಾದಲ್ಲಿ ಸಾಲು ಸಾಲು ಚರ್ಚುಗಳಿಗೆ ಬೆಂಕಿ ಬಿತ್ತು.

ಆ ರಾತ್ರಿ ಕ್ವಾರ್ಟರ್ಸಿನ ನಾಲ್ಕು ಮನೆಯವರು ನಮ್ಮ ಹಾಲ್‌ನಲ್ಲಿ ಸೇರಿದೆವು. ದೀಪ ಆರಿಸಿ ಮೊಣಕಾಲೂರಿ ಪ್ರಾರ್ಥನೆ ಮಾಡಿದೆವು. ನನ್ನ ಸರದಿ ಬಂದಾಗ ನಾನು ಗಟ್ಟಿಯಾಗಿ ಬೇಡಿಕೊಂಡೆ. ಎಲ್ಲ ಊರಿನವರೂ ಇದ್ದರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ. "ಕರ್ತನೇ, ಈ ಹೌಸಾ ಜನರನ್ನು ಹೊಡೆದು ಉರುಳಿಸು. ಈ ಮುಸ್ಲಿಮರ ಕೈ ಮುರಿ" ಅಂತ. ಎಲ್ಲರೂ ಆಮೆನ್ ಅಂದರು.

ಗೇಟಿನಲ್ಲಿ ನಮ್ಮ ಮೈಗಾಡಿ ಇದ್ದ. ಮೈಗಾಡಿ ಅಂದರೆ ಹೌಸಾದಲ್ಲಿ ಕಾವಲುಗಾರ. ವಯಸ್ಸಾದವನು, ಬಾಬಾ ಅಂತ ಕರೆಯುತ್ತಿದ್ದೆವು. ಅವನೂ ಹೌಸಾ, ಅವನೂ ಮುಸ್ಲಿಮ. ರಾತ್ರಿ ಎರಡು ಸಲ ಗುಂಪು ಬಂತು. ಎರಡು ಸಲವೂ ಅವನು ದೊಣ್ಣೆ ಹಿಡಿದು ಗೇಟಿಗೆ ಅಡ್ಡ ನಿಂತ. ಇಲ್ಲಿರುವವರು ನಿಮ್ಮ ಮಕ್ಕಳಿಗೆ ಪಾಠ ಹೇಳುವವರು, ನನ್ನನ್ನು ದಾಟಿ ಹೋಗಿ ಅಂದ. ಗುಂಪು ವಾಪಸ್ ಹೋಯಿತು.

ಬೆಳಿಗ್ಗೆ ದಿನದ ಹಾಗೆ ಎನಾಮಲ್ ಲೋಟದಲ್ಲಿ ಟೀ ತೆಗೆದುಕೊಂಡು ಹೋದೆ. ಅವನು ಕೈ ಚಾಚಲಿಲ್ಲ. ನಿಧಾನವಾಗಿ ಕೇಳಿದ, "ಮೇಡಂ, ನಿನ್ನೆ ರಾತ್ರಿ ನೀವು ದೇವರ ಹತ್ತಿರ ಕೇಳಿದಿರಲ್ಲ, ಅದರಲ್ಲಿ ನಾನೂ ಸೇರಿದ್ದೆನಾ?" ಕಿಟಕಿ ತೆರೆದೇ ಇತ್ತು ಪುಟ್ಟಿ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆಮೇಲೆ ನಾವು ಅಲ್ಲಿದ್ದ ಎರಡು ವರ್ಷ ದಿನಾ "ಇನಾ ಕ್ವಾನಾ" ಅಂತ ನಮಸ್ಕಾರ ಹೇಳುತ್ತಿದ್ದ. ನಮ್ಮ ಮನೆ ಟೀ ಮಾತ್ರ ಮತ್ತೆ ಕುಡಿಯಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಒಂದು ಜನಾಂಗದ ಹೆಸರು ಹಿಡಿದು, ಒಂದು ಧರ್ಮದ ಹೆಸರು ಹಿಡಿದು ದೇವರ ಮುಂದೆ ದೂರು ಕೊಡಬೇಡ. ಆ ವಿಡಿಯೋ ಹಾಕಲೇಬೇಡ. ಅದು ಯಾವ ಊರು, ಯಾವ ವರ್ಷದ್ದು ಅಂತ ನಿನಗೆ ಗೊತ್ತಾ? ಅದನ್ನು ನೋಡಿದ ಮೇಲೆ ಯಾರ ಬಾಯಿಂದಲೂ ಪ್ರಾರ್ಥನೆ ಬರುವುದಿಲ್ಲ, ಸಿಟ್ಟು ಬರುತ್ತದೆ.

ನಮ್ಮವರು ಸಾಯುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಪ್ಲೇಟೋ, ಬೆನುವೆ ರಾಜ್ಯಗಳ ಕಡೆ ಕ್ರೈಸ್ತ ರೈತರ ಹಳ್ಳಿಗಳೇ ಖಾಲಿಯಾಗಿವೆ. ಅದಕ್ಕೆ ಅಳಬೇಕು. ಆದರೆ ಝಂಫಾರಾ ರಾಜ್ಯದಲ್ಲಿ ಡಕಾಯಿತರು ಎತ್ತಿಕೊಂಡು ಹೋಗುವವರಲ್ಲಿ ಮುಸ್ಲಿಮರೇ ಜಾಸ್ತಿ. ಬೋಕೋ ಹರಾಮ್ ಅನ್ನುವ ಉಗ್ರರ ಗುಂಪು ಮಸೀದಿಗಳಲ್ಲೂ ಬಾಂಬ್ ಇಟ್ಟಿದೆ. ದನ ಕಾಯುವ ಫುಲಾನಿಗಳಿಗೂ ಬೇಸಾಯದವರಿಗೂ ನೆಲ, ನೀರು, ಮೇವಿನ ಜಗಳ ಹಳೆಯದು. 2018ರಲ್ಲಿ ಪ್ಲೇಟೋದ ಹಳ್ಳಿಯೊಂದರಲ್ಲಿ ಇಮಾಮ್ ಅಬೂಬಕರ್ ಅಬ್ದುಲ್ಲಾಹಿ ಅನ್ನುವ ವೃದ್ಧರು 262 ಕ್ರೈಸ್ತರನ್ನು ತಮ್ಮ ಮನೆಯಲ್ಲೂ ಮಸೀದಿಯಲ್ಲೂ ಬಚ್ಚಿಟ್ಟು ಕಾಪಾಡಿದರು. ಸುಮ್ನೆ "ಅವರು" ಅಂದುಬಿಟ್ಟರೆ ಆ ಇಮಾಮರು ಎಲ್ಲಿ ಹೋಗುತ್ತಾರೆ ಹೇಳು.

ಇದನ್ನೆಲ್ಲ ಹೇಳೋಣ ಅಂದರೆ ಕೇಳುವವರು ಯಾರು? ವಾಪಸ್ ಬಂದ ವರ್ಷ ಆಗ ನಾವು ಹೋಗುತ್ತಿದ್ದ ಸಭೆಯ ಸ್ತ್ರೀಯರ ಕೂಟದಲ್ಲಿ ಹತ್ತು ನಿಮಿಷ ಕೇಳಿದೆ. ಚಾವಣಿ ರಿಪೇರಿ ವಿಷಯ ಇದೆ, ಸಮಯ ಇಲ್ಲ ಅಂದರು. ಎಷ್ಟು ಚಿನ್ನ ತಂದಿರಿ ಅಂತ ಮಾತ್ರ ಎಲ್ಲರೂ ಕೇಳಿದರು. 2014ರ ಏಪ್ರಿಲ್‌ನಲ್ಲಿ ಚಿಬೊಕ್ ಅನ್ನುವ ಊರಿನ ಶಾಲೆಯಿಂದ 276 ಹುಡುಗಿಯರನ್ನು ಬೋಕೋ ಹರಾಮ್‌ನವರು ಹೊತ್ತೊಯ್ದರಲ್ಲ, ಆಗ ಸಭೆಯಲ್ಲಿ ಪ್ರಾರ್ಥನೆಗೆ ಅಂತ ಚೀಟಿ ಬರೆದು ಕೊಟ್ಟೆ. ಅದನ್ನು ಓದಲೇ ಇಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನ ಇನ್ನೂ ಮನೆಗೆ ಬಂದಿಲ್ಲ. ನಮ್ಮ ಮನೆಯವರ ಈ ಗ್ರೂಪಿನಲ್ಲೂ ಅಷ್ಟೇ, ನಾನು ಬರೆದದ್ದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ. ಇವತ್ತು ನಮ್ಮ ಅಳಿಯ ಅಲ್ಲಿದ್ದಾರೆ ಅಂದ ಮೇಲೆ ಎಲ್ಲರಿಗೂ ನೈಜೀರಿಯಾ ನೆನಪಾಯಿತು. ನನಗೆ ನೋವಾಗುತ್ತದೆ, ಅದಕ್ಕೆ ಹೇಳಿದೆ.

ಇರಲಿ. ನೀನು ಕೇಳಿದ್ದೇ ಬೇರೆ ಅಲ್ವಾ, ಏನಂತ ಬೇಡಿಕೊಳ್ಳಲಿ ಅಂತ. ಅಲ್ಲಿಯ ಕ್ಯಾಥೋಲಿಕ್ ಸಭೆಯವರು ಎಷ್ಟೋ ವರ್ಷದಿಂದ ಪೂಜೆಯಲ್ಲಿ ಹೇಳುವ ಒಂದು ಪ್ರಾರ್ಥನೆ ಇದೆ, ಸಂಕಟದಲ್ಲಿರುವ ನೈಜೀರಿಯಾಕ್ಕಾಗಿ ಅಂತ. ಅದರಲ್ಲಿ ಶತ್ರು ಅಂತ ಯಾರ ಹೆಸರೂ ಇಲ್ಲ. ತಮ್ಮ ಪಾಪಕ್ಕೆ ಕ್ಷಮೆ ಕೇಳಿ, ಆಮೇಲೆ ದೇಶದ ಕಷ್ಟ ಹೇಳಿಕೊಳ್ಳುತ್ತಾರೆ. ನೀನೂ ಹಾಗೇ ಮಾಡು. ಮೊದಲು ಕ್ಷಮೆ. ಆಮೇಲೆ ಮಕ್ಕಳನ್ನು ಕಳೆದುಕೊಂಡ ತಾಯಂದಿರು, ಹೊಲ ಬಿಟ್ಟು ಓಡಿದವರು, ಒತ್ತೆಯಾಳಾಗಿ ಇರುವವರು. ಆಳುವವರಿಗೆ ನ್ಯಾಯ ಮಾಡುವ ಮನಸ್ಸು ಕೊಡು ಅಂತ ಕೇಳು. ಕೋವಿ ಹಿಡಿದವರ ಮನಸ್ಸು ತಿರುಗಲಿ ಅಂತಲೂ ಕೇಳು, ಅದು ಕಷ್ಟ, ಆದರೂ ಕೇಳು. ಕಡುನಾ ಊರಿನ ಪಾಸ್ಟರ್ ಜೇಮ್ಸ್ ವುಯೆ ಗಲಭೆಯಲ್ಲಿ ಕೈ ಕಳೆದುಕೊಂಡವರು. ಎದುರು ಗುಂಪಿನಲ್ಲಿದ್ದ ಇಮಾಮ್ ಅಶಾಫಾ ಜೊತೆ ಸೇರಿ 1995ರಿಂದ ಶಾಂತಿ ಕೆಲಸ ಮಾಡುತ್ತಾ ಬಂದವರು. ಅವರಿಬ್ಬರನ್ನೂ ಹೆಸರು ಹೇಳಿ ನೆನಸು. ಮತ್ತೆ ಹೇಳುತ್ತೇನೆ ಪುಟ್ಟಿ, ಜನಾಂಗದ ಹೆಸರು ಹಿಡಿದು ದೇವರ ಮುಂದೆ ದೂರು ಬೇಡ.

ಅಳಿಯಂದಿರಿಗೆ ಹೇಳು, ಅಬುಜಾದಿಂದ ಕಡುನಾಗೆ ರಸ್ತೆಯಲ್ಲಿ ಹೋಗುವುದು ಬೇಡ. 2022ರಲ್ಲಿ ಆ ದಾರಿಯ ರೈಲಿಗೇ ಬಾಂಬ್ ಇಟ್ಟು ಜನರನ್ನು ಎತ್ತಿಕೊಂಡು ಹೋಗಿದ್ದರು. ಅಬುಜಾದಲ್ಲಿ ಭಾರತದ ಹೈಕಮಿಷನ್ ಇದೆ, ಅಲ್ಲಿ ಹೆಸರು ಬರೆಸಿದ್ದಾರಾ ಕೇಳು. ಬರೆಸದಿದ್ದರೆ ಈ ವಾರವೇ ಬರೆಸಲಿ. ಸಾಯಂಕಾಲ ಆರರ ಮೇಲೆ ನನಗೆ ಫೋನ್ ಮಾಡು, ಪ್ರಾರ್ಥನೆಯನ್ನು ಇಬ್ಬರೂ ಕೂತು ಬರೆಯೋಣ.