ಕುದುರೆಲಾಯದ ನೆಲಕ್ಕೆ ಹರಡುವುದು: ಹುಲ್ಲುಹಾಸೋ, ಹಾಸುಹುಲ್ಲೋ?

ಪದಚರ್ಚೆಯಲ್ಲಿ ಆಸಕ್ತಿಯುಳ್ಳ ಎಲ್ಲರಿಗೂ ವಂದನೆಗಳು.

ಕುದುರೆ ಸಾಕಣೆಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಲಾಯದ ನೆಲದ ಮೇಲೆ ಕುದುರೆಗಾಗಿ ಹರಡುವ ಹುಲ್ಲು, ಮರದ ಸಿಪ್ಪೆ ಮುಂತಾದವುಗಳನ್ನು ಒಟ್ಟಾಗಿ ಏನೆಂದು ಕರೆಯಬೇಕು ಎಂಬುದು ನನ್ನ ಮೊದಲ ಪ್ರಶ್ನೆ. ಇಂಗ್ಲಿಷಿನವರು ಬೆಡ್ಡಿಂಗ್ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಕಡೆ ನಮಗೆ ಹಾಸಿಗೆ, ಹಾಸು, ಆಸ್ತರಣ, ಹುಲ್ಲುಹಾಸು, ಒಣಹುಲ್ಲು ಎಂಬ ಹಲವು ಮಾತುಗಳು ಒದಗುತ್ತವೆ. ಆದರೆ ಒಂದೊಂದರಲ್ಲಿಯೂ ಒಂದೊಂದು ತೊಡಕಿದೆ. ಕೈಪಿಡಿಯನ್ನು ಓದಿ ಕೆಲಸ ಮಾಡುವವರು ಪದವನ್ನು ತಪ್ಪಾಗಿ ತಿಳಿದರೆ ಅದರ ಫಲವನ್ನು ಅನುಭವಿಸುವುದು ಮಾತು ಬಾರದ ಪ್ರಾಣಿ. ಆದ್ದರಿಂದಲೇ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪದವನ್ನು ತೂಗುವ ಮೊದಲು ಆ ವಸ್ತು ಮಾಡುವ ಕೆಲಸವನ್ನು ಹೇಳಬೇಕು. ಕಾಲುಗಳ ಸ್ನಾಯು ಮತ್ತು ಕಟ್ಟುಗಳ ವಿಶೇಷ ರಚನೆಯಿಂದಾಗಿ ಕುದುರೆ ನಿಂತೇ ತೂಕಡಿಸಬಲ್ಲದು. ಆದರೆ ಮೈಯ ಸ್ನಾಯುಗಳೆಲ್ಲ ಸಡಿಲಗೊಂಡು ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ನಿದ್ರೆಯ ಹಂತಕ್ಕೆ ಅದು ಮಲಗಲೇಬೇಕು. ನೆಲ ಗಟ್ಟಿಯಾಗಿದ್ದರೆ ಅಥವಾ ಒದ್ದೆಯಾಗಿದ್ದರೆ ಕುದುರೆ ಮಲಗಲು ಹಿಂಜರಿಯುತ್ತದೆ. ಮಲಗಿದರೂ ಹಿಂಗಾಲಿನ ಕೀಲುಗಳ ಚರ್ಮ ಸವೆದು ಹುಣ್ಣಾಗುತ್ತದೆ. ಮೆತ್ತಗಿರುವುದು ಒಂದು ಕೆಲಸವಾದರೆ ಹೀರುವುದು ಇನ್ನೊಂದು. ಸುಮಾರು 450 ಕಿಲೋ ತೂಕದ ಕುದುರೆಯೊಂದು ದಿನಕ್ಕೆ ಸುಮಾರು 14 ಕಿಲೋ ಲದ್ದಿ ಹಾಕುತ್ತದೆ, 9 ಲೀಟರಿನಷ್ಟು ಮೂತ್ರ ವಿಸರ್ಜಿಸುತ್ತದೆ. ಕಾಲಡಿಯ ವಸ್ತು ಇದನ್ನೆಲ್ಲ ತಾಳಿಕೊಂಡು, ಮೇಲ್ಮೈಯನ್ನು ಒಣಗಿಸಿಟ್ಟು, ಗೊರಸನ್ನು ಕೊಳೆಯದಂತೆ ಕಾಯಬೇಕು. ಹೀಗಿರುವಾಗ ಆ ವಸ್ತುವಿನ ಹೆಸರು ಮಲಗುವುದನ್ನಷ್ಟೇ ಸೂಚಿಸಿದರೆ ಅರ್ಧ ಮಾತು ಮಾತ್ರ ಹೇಳಿದಂತಾಗುತ್ತದೆ.

ಹಾಸಿಗೆ ಎಂಬ ಪದಕ್ಕೆ ನನ್ನ ಮುಖ್ಯ ಆಕ್ಷೇಪವೂ ಇದೇ. ಹಾಸುವುದರಿಂದಲೇ ಹಾಸಿಗೆ ಹುಟ್ಟಿದ್ದರೂ ಇಂದಿನ ಓದುಗರಿಗೆ ಅದು ಮನುಷ್ಯನು ಮಲಗುವ, ಹತ್ತಿ ತುಂಬಿದ, ಸುತ್ತಿಡಬಹುದಾದ ವಸ್ತುವಾಗಿ ನಿಂತುಬಿಟ್ಟಿದೆ. ‘ಕುದುರೆಯ ಹಾಸಿಗೆ ನಿರ್ವಹಣೆ’ ಎಂಬ ತಲೆಬರಹವನ್ನು ಓದಿದವರಿಗೆ ಅದು ಲಾಯದ ಕೆಲಸ ಎಂದು ಹೊಳೆಯುವುದು ಕಷ್ಟ. ಹಾಸಿಗೆಯನ್ನು ಯಾರೂ ದಿನವೂ ಹೆಕ್ಕಿ ತಿಪ್ಪೆಗೆ ಹಾಕುವುದಿಲ್ಲ. ಲಾಯದಲ್ಲಿ ಹರಡಿದ್ದನ್ನಾದರೋ ದಿನವೂ ಅಷ್ಟಷ್ಟು ತೆಗೆದು, ತೆಗೆದಷ್ಟನ್ನು ಹೊಸದಾಗಿ ಸೇರಿಸಬೇಕು.

ಸಂಸ್ಕೃತದ ಕಡೆಗೆ ತಿರುಗಿದರೆ ಆಸ್ತರಣವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಭಾಗದಲ್ಲಿ, ಪ್ರತಿಯೊಂದು ಕುದುರೆಯ ಮನೆಯೂ ನುಣುಪಾದ ಹಲಗೆಗಳ ‘ಆಸ್ತಾರ’ವನ್ನು, ಮೇವಿನ ಗೋದಲಿಯನ್ನು, ಲದ್ದಿ ಮೂತ್ರಗಳು ಹೊರಹೋಗುವ ಏರ್ಪಾಡನ್ನು ಹೊಂದಿರಬೇಕೆಂದು ವಿಧಿಸಲಾಗಿದೆ. ಇದನ್ನು ಓದಿದಾಗ ನನಗೆ ತುಂಬ ಸಂತೋಷವಾಯಿತು, ಏಕೆಂದರೆ ನೆಲ, ಮೇವು, ಕೊಳೆಯ ವಿಲೇವಾರಿ ಎಂಬ ಮೂರನ್ನೂ ಅಲ್ಲಿ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ಆದರೆ ಅಲ್ಲಿಯ ಆಸ್ತಾರ ಹಲಗೆಯದು, ಕದಲದೆ ಕೂತಿರುವ ನೆಲಗಟ್ಟು. ಇಂದಿನ ಲಾಯಗಳಲ್ಲಿ ನೆಲಕ್ಕೆ ಕೂರಿಸುವ ರಬ್ಬರ್ ಚಾಪೆಗೆ ಅದು ಹೊಂದಬಹುದೇ ಹೊರತು ದಿನವೂ ಬದಲಾಗುವ ಹುಲ್ಲಿಗೆ ಹೊಂದುವುದಿಲ್ಲ. ಅಲ್ಲದೆ ಆಸ್ತರಣ ಎಂಬ ಮಾತನ್ನು ಕೈಯಲ್ಲಿ ಮಂಕರಿ ಹಿಡಿದವರ ಬಾಯಿಗೆ ತರುವುದು ಸಾಧ್ಯವಿಲ್ಲ.

ಉಳಿದದ್ದು ಹಾಸು. ಹಳಗನ್ನಡದ ಪಾಸು ಇಂದಿನ ಹಾಸು ಆಗಿದೆ. ಅದು ಕ್ರಿಯೆಯೂ ಹೌದು, ನಾಮಪದವೂ ಹೌದು. ನೇಯ್ಗೆಯಲ್ಲಿ ಉದ್ದಕ್ಕೆ ಹಾಯುವ ನೂಲಿಗೂ ಹಾಸು ಎನ್ನುತ್ತೇವೆ, ಹಾಸುಹೊಕ್ಕು ಎಂಬ ಜೋಡಿನುಡಿ ಅಲ್ಲಿಂದ ಬಂದದ್ದು. ಈ ಬೇರೆ ಅರ್ಥದಿಂದ ಲಾಯದ ಸಂದರ್ಭದಲ್ಲಿ ಗೊಂದಲವಾಗುವುದಿಲ್ಲ. ಹರಡಿದ್ದು, ಮೇಲೆ ಒರಗಲು ಯೋಗ್ಯವಾದದ್ದು, ಬೇಕೆಂದಾಗ ತೆಗೆಯಬಹುದಾದದ್ದು ಎಂಬ ಮೂರು ಭಾವವೂ ಈ ಎರಡಕ್ಷರದಲ್ಲಿವೆ. ಆದ್ದರಿಂದ ಸಾಮಾನ್ಯ ಪದವಾಗಿ ‘ಹಾಸು’ ಅಥವಾ ಅಗತ್ಯವಿದ್ದಲ್ಲಿ ‘ಲಾಯದ ಹಾಸು’ ಎಂದು ಬಳಸಬೇಕೆಂಬುದು ನನ್ನ ಅಭಿಮತ.

ನಿಜವಾದ ಕಷ್ಟ ಹುಲ್ಲಿನಲ್ಲಿದೆ. ಹುಲ್ಲಿನಿಂದ ಮಾಡಿದ ಹಾಸನ್ನು ಸಹಜವಾಗಿ ಹುಲ್ಲುಹಾಸು ಎನ್ನಬಹುದಿತ್ತು, ಆದರೆ ಆ ಪದವನ್ನು ಉದ್ಯಾನದವರು ಆಗಲೇ ತೆಗೆದುಕೊಂಡಿದ್ದಾರೆ. ಹುಲ್ಲುಹಾಸು ಎಂದರೆ ಇಂದು ಹಸಿರಾಗಿ ಬೆಳೆದು ನಿಂತ, ಕತ್ತರಿಸಿ ಸಮ ಮಾಡಿದ ಹುಲ್ಲಿನ ನೆಲ. ಅದೇ ಎರಡು ಮಾತುಗಳನ್ನು ತಿರುವಿ ‘ಹಾಸುಹುಲ್ಲು’ ಎಂದರೆ ಹೇಗೆ ಎಂಬುದು ನಾನು ನಿಮ್ಮ ಮುಂದಿಡುವ ಸಲಹೆ. ಹುಲ್ಲುಹಾಸಿನಲ್ಲಿ ಪ್ರಧಾನವಾದದ್ದು ಹಾಸು, ಹುಲ್ಲು ಅದಕ್ಕೆ ವಿಶೇಷಣ. ಹಾಸುಹುಲ್ಲಿನಲ್ಲಿ ಪ್ರಧಾನವಾದದ್ದು ಹುಲ್ಲು, ಮುಂದಿರುವ ಹಾಸು ಎಂಬ ಧಾತು ಅದರ ಉಪಯೋಗವನ್ನು ಹೇಳುತ್ತದೆ. ಬೀಸುಕಲ್ಲು, ಕುಡಿನೀರು, ಹಾಸುಗಲ್ಲು ಇವೆಲ್ಲವೂ ಇದೇ ಅಚ್ಚಿನವು: ಬೀಸುವುದಕ್ಕೆ ಕಲ್ಲು, ಕುಡಿಯುವುದಕ್ಕೆ ನೀರು, ಹಾಸುವುದಕ್ಕೆ ಕಲ್ಲು. ಹಾಸುಗಲ್ಲನ್ನು ಒಪ್ಪಿದ ಕಿವಿ ಹಾಸುಹುಲ್ಲನ್ನು ಒಪ್ಪದಿರಲು ಕಾರಣ ಕಾಣುವುದಿಲ್ಲ.

ಈ ಪದ ಬೇಕೇ ಬೇಕು ಎನ್ನುವುದಕ್ಕೆ ಇನ್ನೂ ಬಲವಾದ ಕಾರಣವೊಂದಿದೆ. ಒಣಹುಲ್ಲು ಎಂದು ನಾವು ಎರಡು ಬೇರೆ ವಸ್ತುಗಳನ್ನು ಕರೆಯುತ್ತೇವೆ. ಎಳೆಯದಾಗಿರುವಾಗ, ಬೀಜ ಬಲಿಯುವ ಮೊದಲೇ ಕೊಯ್ದು ಮೇವಿಗೆಂದು ಒಣಗಿಸಿದ ಹುಲ್ಲು ಒಂದು. ಪೈರು ಪೂರ್ತಿ ಮಾಗಿ, ಕಾಳು ಬಿಡಿಸಿದ ಮೇಲೆ ಉಳಿದ ದಂಟು ಇನ್ನೊಂದು. ಮೊದಲನೆಯದರಲ್ಲಿ ಪೋಷಣೆ ಇದೆ. ಎರಡನೆಯದರಲ್ಲಿ ನಾರು ಹೆಚ್ಚು, ಪೋಷಣೆ ಕಡಿಮೆ. ಆದರೆ ಅದರ ದಂಟು ಟೊಳ್ಳಾಗಿರುವುದರಿಂದ ಹಾಸಿದಾಗ ಉಬ್ಬಿ ನಿಲ್ಲುತ್ತದೆ, ಮೂತ್ರವನ್ನು ಕೆಳಕ್ಕೆ ಇಳಿಯಬಿಟ್ಟು ಮೇಲ್ಪದರವನ್ನು ಒಣಗಿಸಿಡುತ್ತದೆ. ಗೋಧಿಯ ದಂಟನ್ನು ಹಾಸಲು ಬಳಸುವುದು ಈ ಗುಣಕ್ಕಾಗಿಯೇ. ಕೈಪಿಡಿಯಲ್ಲಿ ಎರಡಕ್ಕೂ ಒಣಹುಲ್ಲು ಎಂದೇ ಬರೆದರೆ, ಒಬ್ಬರು ಒಳ್ಳೆಯ ಮೇವನ್ನು ಕಾಲಡಿಗೆ ಹರಡಿ ಕುದುರೆ ಅದನ್ನು ಲದ್ದಿ ಮೂತ್ರಗಳೊಡನೆ ಮೇಯುವಂತೆ ಮಾಡಿಯಾರು. ಇನ್ನೊಬ್ಬರು ದಂಟನ್ನೇ ಮೇವೆಂದು ಹಾಕಿಯಾರು. ದಂಟನ್ನು ಅತಿಯಾಗಿ ತಿಂದ ಕುದುರೆಯ ಕರುಳಿನಲ್ಲಿ ಅದು ಗಟ್ಟಿಕಟ್ಟಿ ಹೊಟ್ಟೆಶೂಲೆ ಬರುತ್ತದೆ, ಮತ್ತು ಕುದುರೆಗೆ ಹೊಟ್ಟೆಶೂಲೆ ಎಂದರೆ ಪ್ರಾಣಕ್ಕೆ ಬರುವ ಕಾಯಿಲೆ. ಒಣಮೇವು ಎಂಬ ಪದವೂ ಇಲ್ಲಿ ನೆರವಾಗದು, ದನಗಳ ವಿಷಯದಲ್ಲಿ ಆ ಮಾತು ದಂಟನ್ನೂ ಒಳಗೊಳ್ಳುತ್ತದೆ. ಆದ್ದರಿಂದ ಉಪಯೋಗವನ್ನೇ ಹೆಸರಿನಲ್ಲಿಟ್ಟು ‘ಮೇವುಹುಲ್ಲು’, ‘ಹಾಸುಹುಲ್ಲು’ ಎಂದು ಜೋಡಿಯಾಗಿ ಬಳಸಿದರೆ ಯಾರೂ ದಾರಿ ತಪ್ಪಲಾರರು. ಹಸಿದ ಕುದುರೆ ಹಾಸುಹುಲ್ಲನ್ನೂ ತಿನ್ನುತ್ತದೆ ಎಂಬ ಎಚ್ಚರಿಕೆಯನ್ನು ಬರೆಯುವಾಗಲೂ ಈ ಜೋಡಿ ಬಹಳ ಸ್ಪಷ್ಟವಾಗಿ ಕೆಲಸ ಮಾಡುತ್ತದೆ.

ಮರದಿಂದ ಬರುವ ಹಾಸಿನಲ್ಲಿ ತೊಡಕು ಕಡಿಮೆ, ಬಡಗಿಗಳ ಮಾತು ನಮಗೆ ಸಾಕು. ಗರಗಸದಿಂದ ಉದುರುವುದು ಹೊಟ್ಟು, ಉಜ್ಜುಗೊರಡಿನಿಂದ ಸುರುಳಿಯಾಗಿ ಬರುವುದು ಸಿಪ್ಪೆ, ಕೊಡಲಿಯಿಂದ ಹಾರುವುದು ಚಕ್ಕೆ. ಹೊಟ್ಟು ಎಂಬಲ್ಲಿ ಮಾತ್ರ ‘ಮರದ ಹೊಟ್ಟು’ ಎಂದು ಬಿಡಿಸಿಯೇ ಬರೆಯಬೇಕು, ಏಕೆಂದರೆ ಕಾಳಿನ ಹೊಟ್ಟು ಪ್ರಾಣಿಗಳಿಗೆ ತಿನ್ನಲು ಕೊಡುವ ಪದಾರ್ಥ. ಹಾಸಲು ಸಿಪ್ಪೆ ಮೇಲು. ಹೊಟ್ಟಿನ ಸಣ್ಣ ಧೂಳು ಗಾಳಿಗೇಳುತ್ತದೆ, ಒದ್ದೆಯಾದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಯಾವ ಮರದ ಸಿಪ್ಪೆ ಎಂಬುದನ್ನೂ ಹೇಳದೆ ಬಿಡಬಾರದು: ಬ್ಲ್ಯಾಕ್ ವಾಲ್‌ನಟ್ ಎಂಬ ಕಪ್ಪು ಅಕ್ರೋಟಿನ ಸಿಪ್ಪೆ ಹಾಸಿನಲ್ಲಿ ಸೇರಿದ್ದರೆ, ಅದರ ಮೇಲೆ ನಿಂತ ಕುದುರೆಗೆ ಒಂದು ದಿನದೊಳಗೇ ಗೊರಸಿನ ಒಳಪದರದ ಉರಿಯೂತ, ಅಂದರೆ ಲ್ಯಾಮಿನೈಟಿಸ್, ಬರಬಹುದು.

ಇನ್ನು ಕ್ರಿಯಾಪದಗಳು. ಮಕಿಂಗ್ ಔಟ್ ಎಂಬುದಕ್ಕೆ ‘ಲಾಯವನ್ನು ಸ್ವಚ್ಛಗೊಳಿಸುವುದು’ ಎಂದು ಬರೆದರೆ ತಪ್ಪಿಲ್ಲ, ಆದರೆ ಆ ಮಾತು ಕೆಲಸದ ಹಂತಗಳನ್ನು ಮುಚ್ಚಿಹಾಕುತ್ತದೆ. ದಿನದಲ್ಲಿ ಹಲವು ಬಾರಿ ಮೇಲೆ ಬಿದ್ದಿರುವ ಲದ್ದಿಯ ಉಂಡೆಗಳನ್ನಷ್ಟೇ ತೆಗೆಯುವುದು ಒಂದು ಹಂತ; ಇದಕ್ಕೆ ‘ಹೆಕ್ಕುವುದು’ ಸರಿಯಾದ ಮಾತು, ಏಕೆಂದರೆ ಒಳ್ಳೆಯ ಹಾಸನ್ನು ಬಿಟ್ಟು ಕೆಟ್ಟದ್ದನ್ನು ಮಾತ್ರ ಆರಿಸುವ ಭಾವ ಅದರಲ್ಲಿದೆ. ಮೇಲಿನ ಒಣ ಹಾಸನ್ನು ಗೋಡೆಯ ಕಡೆಗೆ ಸರಿಸಿ, ಅಡಿಯಲ್ಲಿ ಮೂತ್ರದಿಂದ ನೆನೆದಿರುವುದನ್ನು ತೆಗೆಯುವುದು ಎರಡನೆಯ ಹಂತ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತೇವಲ್ಲ, ಅದೇ ‘ಬಾಚುವುದು’ ಇಲ್ಲಿಗೂ ಒಪ್ಪುತ್ತದೆ. ಎಲ್ಲವನ್ನೂ ಹೊರಹಾಕಿ, ನೆಲ ತೊಳೆದು, ಒಣಗಲು ಬಿಟ್ಟು ಹೊಸದಾಗಿ ಹಾಸುವುದು ಮೂರನೆಯದು. ‘ತೆರವು ಮಾಡುವುದು’ ಎನ್ನಬಹುದು. ಹೆಕ್ಕು, ಬಾಚು, ತೆರವು ಮಾಡು ಎಂದು ಮೂರನ್ನೂ ಬೇರೆಬೇರೆಯಾಗಿ ಹೇಳಿದರೆ ಯಾವುದನ್ನು ಎಷ್ಟು ಸಲ ಮಾಡಬೇಕೆಂಬುದನ್ನು ತಿಳಿಸುವುದೂ ಸುಲಭವಾಗುತ್ತದೆ. ಹಾಸನ್ನು ಕೆದರುವಾಗ ಧೂಳು ಮತ್ತು ಬೂಷ್ಟಿನ ಕಣಗಳು ಗಾಳಿಯಲ್ಲಿ ತುಂಬುವುದರಿಂದ, ಬಾಚುವ ಹೊತ್ತಿಗೆ ಕುದುರೆಯನ್ನು ಹೊರಗೆ ಕಟ್ಟಬೇಕೆಂಬುದನ್ನೂ ಇಲ್ಲಿಯೇ ಸೇರಿಸಿದ್ದೇನೆ. ಕುದುರೆಯ ಉಸಿರಾಟದ ಕಾಯಿಲೆಗಳಿಗೆ ಈ ಕಣಗಳು ಬಹು ದೊಡ್ಡ ಕಾರಣ.

ವಾಸನೆಯ ವಿಷಯದಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ನಾತ, ಗಬ್ಬು, ಕಮಟು, ಘಾಟು ಇವು ಒಂದಕ್ಕೊಂದು ಬದಲಿಯಲ್ಲ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದು ಮೂಗಿಗೆ ಬಡಿದು ಕಣ್ಣಲ್ಲಿ ನೀರು ತರಿಸುತ್ತದೆ. ಇದು ಘಾಟು, ಬರಿಯ ನಾತವಲ್ಲ. ನಿಂತ ಮನುಷ್ಯನ ಮೂಗಿಗಿಂತ ನೆಲದ ಹತ್ತಿರ ಮಲಗಿದ ಕುದುರೆಗೆ, ಅದಕ್ಕಿಂತಲೂ ಮರಿಗೆ, ಈ ಘಾಟು ಹೆಚ್ಚು ತಗಲುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ‘ದುರ್ವಾಸನೆ ಬಂದರೆ’ ಎಂದು ಬರೆಯುವ ಬದಲು ‘ಬಗ್ಗಿ ನೋಡಿದಾಗ ಘಾಟು ಹೊಡೆದರೆ ಬಾಚುವುದು ತಡವಾಗಿದೆ’ ಎಂದು ಬರೆದಿದ್ದೇನೆ. ಘಾಟಿನ ಬದಲು ಇನ್ನೂ ಹೊಂದುವ ಮಾತಿದ್ದರೆ ತಿಳಿಸಿ, ನನಗಂತೂ ಇದಕ್ಕಿಂತ ನಿಖರವಾದದ್ದು ಕಾಣಲಿಲ್ಲ.

ಗೋಡೆಗಳುದ್ದಕ್ಕೂ ಹಾಸನ್ನು ಎತ್ತರಿಸಿ ಒತ್ತಿ ಕೂರಿಸುವುದಕ್ಕೆ ಹೊಲದ ‘ಬದು’ ಎಂಬ ಪದವನ್ನು ತೆಗೆದುಕೊಂಡಿದ್ದೇನೆ. ಕುದುರೆ ಹೊರಳುವಾಗ ಗೋಡೆಗೆ ತೀರ ಅಂಟಿಕೊಂಡು, ಕಾಲು ಚಾಚಲಾಗದೆ ಏಳಲಾರದೆ ಸಿಕ್ಕಿಕೊಳ್ಳುವುದನ್ನು ತಡೆಯಲು ಈ ಬದುವನ್ನು ಕಟ್ಟುತ್ತಾರೆ. ಇದರ ಬಗ್ಗೆ ಚರ್ಚೆ ಬೇಕಾಗಲಾರದು.

ನಾನು ಇನ್ನೂ ತೀರ್ಮಾನಿಸಲಾಗದ ಪದ ಒಂದಿದೆ. ಹಳೆಯ ಹಾಸನ್ನು ಪೂರ್ತಿ ತೆಗೆಯದೆ, ಲದ್ದಿಯನ್ನು ಮಾತ್ರ ಹೆಕ್ಕಿ, ಒದ್ದೆಯಾದ ಪದರದ ಮೇಲೆಯೇ ಹೊಸ ಹಾಸನ್ನು ಹರಡುತ್ತ ಹೋಗಿ, ಕೆಲವು ತಿಂಗಳಿಗೊಮ್ಮೆ ಎಲ್ಲವನ್ನೂ ಒಟ್ಟಿಗೆ ತೆರವು ಮಾಡುವ ಕ್ರಮಕ್ಕೆ ಡೀಪ್ ಲಿಟರ್ ಎಂದು ಹೆಸರು. ಕೋಳಿ ಸಾಕಣೆಯವರು ಇದನ್ನು ಕನ್ನಡದಲ್ಲಿಯೂ ಡೀಪ್ ಲಿಟರ್ ಎಂದೇ ಹೇಳುತ್ತಾರೆ. ‘ಆಳ ಹಾಸು’ ಎಂದರೆ ಮೊದಲ ದಿನವೇ ದಪ್ಪವಾಗಿ ಹರಡಿದ್ದು ಎಂಬ ಅರ್ಥ ಬರುತ್ತದೆ. ಇಲ್ಲಿ ಮುಖ್ಯವಾದದ್ದು ದಪ್ಪವಲ್ಲ, ಕೆಳಗಿನದನ್ನು ಕೆದಕದೆ ಮೇಲೆ ಮೇಲೆ ಕೂಡಿಸುತ್ತ ಹೋಗುವುದು. ಕೆಳಪದರ ನಿಧಾನವಾಗಿ ಕೊಳೆಯುತ್ತ ಬೆಚ್ಚಗಿರುತ್ತದೆ, ಅದನ್ನು ನಡುವೆ ಕೆದಕಿದರೆ ಒಳಗೆ ಅಡಗಿದ್ದ ಅಮೋನಿಯಾ ಒಮ್ಮೆಲೇ ಮೇಲೇಳುತ್ತದೆ. ಗಾಳಿಯಾಡದ ಲಾಯದಲ್ಲಿ ಈ ಕ್ರಮವನ್ನು ಅನುಸರಿಸಲೇಬಾರದು. ‘ಪದರುಹಾಸು’ ಎಂಬುದು ಸದ್ಯಕ್ಕೆ ನನಗೆ ಒಪ್ಪಿಗೆಯಾಗಿರುವ ಪದ. ಆದರೆ ಅದರಲ್ಲಿ ಕೆದಕಬಾರದು ಎಂಬ ಸೂಚನೆ ಇಲ್ಲ. ‘ಕೂಡುಹಾಸು’ ಎಂಬುದನ್ನೂ ಯೋಚಿಸಿದ್ದೇನೆ, ಕೂಡಿಹಾಕುವ ಅರ್ಥ ಅದರಲ್ಲಿ ಬಂದರೂ ಹಲವು ಕುದುರೆಗಳು ಒಟ್ಟಿಗೆ ಬಳಸುವ ಹಾಸು ಎಂದೂ ಕೇಳಿಸುತ್ತದೆ. ದನ, ಕೋಳಿ, ಕುದುರೆ ಯಾವುದನ್ನಾದರೂ ಸಾಕಿದವರ ಆಡುಮಾತಿನಲ್ಲಿ ಈ ಕ್ರಮಕ್ಕೆ ಪದವಿದ್ದರೆ, ಅದನ್ನು ಯಾವ ಸಂದರ್ಭದಲ್ಲಿ ಬಳಸುತ್ತಾರೆಂಬ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ. ಹಾಸುಹುಲ್ಲು ಮತ್ತು ಮೇವುಹುಲ್ಲುಗಳ ಜೋಡಿಗೆ ನಿಮ್ಮ ಆಕ್ಷೇಪಗಳೇನಾದರೂ ಇದ್ದರೆ ಅವನ್ನೂ ಕಾರಣಸಹಿತ ಬರೆಯಬೇಕೆಂದು ಕೋರುತ್ತೇನೆ.