ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯುವವರು ಸ್ವಂತ ಯೂನಿಟ್ ಹಾಕುವಾಗ ಮಾರ್ಗದರ್ಶನ ಎಲ್ಲಿಂದ ಶುರುವಾಗಬೇಕು?

ಕೌಲ್‌ಬಜಾರ್_ಓಣಿ ಕೇಳಿದ್ದು:

ಬಳ್ಳಾರಿಯಲ್ಲಿ ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯುವ ಎಂಟು ಮಂದಿ ಹೆಣ್ಣುಮಕ್ಕಳು ಸ್ವಂತ ಯೂನಿಟ್ ಹಾಕಬೇಕೆಂದಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಗಣಿ ನಿಂತು ಲಾರಿ, ಲೋಡಿಂಗ್ ಕೆಲಸ ಹೋದಾಗ ಇವರ ಹೊಲಿಗೆ ದುಡ್ಡಿನ ಮೇಲೆಯೇ ಮನೆ ನಡೆದದ್ದು. ಈಗ ಊರು ಮತ್ತೆ ಬದಲಾಗಿದೆ. ಬಾಡಿಗೆ ಏರಿದೆ, ಗಿರಾಕಿ ಮೊಬೈಲ್‌ನಲ್ಲೇ ಪ್ಯಾಂಟ್ ತರಿಸುತ್ತಾನೆ, ಪೀಸ್ ರೇಟು ಮಾತ್ರ ಇದ್ದಲ್ಲೇ ಇದೆ. ನಾವು ನಾಲ್ಕು ಜನ ಆರು ತಿಂಗಳು ಇವರ ಬೆನ್ನಿಗೆ ನಿಲ್ಲಬೇಕು ಅಂದುಕೊಂಡಿದ್ದೇವೆ. ಹೊಲಿಗೆ ಕಲಿಸುವ ಅಗತ್ಯ ಇಲ್ಲ. ಬಟ್ಟೆ ಖರೀದಿ, ಲೆಕ್ಕ, ಸಾಲ, ವ್ಯಾಪಾರಿಗಳ ಉದ್ದರಿ (ಸಾಲಕ್ಕೆ ಮಾಲು ಒಯ್ದು ಆಮೇಲೆ ದುಡ್ಡು ಕೊಡುವುದು), ಇದರಲ್ಲಿ ಮೊದಲು ಯಾವುದು? ಸಾಲ ಎತ್ತಿ ಎಲ್ಲ ಮಷೀನ್ ಒಮ್ಮೆಗೇ ತಂದುಬಿಡೋಣ ಅಂತ ಇಬ್ಬರ ಹಟ.

ಸಿಂಧನೂರು_ಅಕ್ಕ:

ಮಷೀನ್ ಮಾತು ಪಕ್ಕಕ್ಕಿಡ್ರಿ. ಮೊದಲು ಒಬ್ಬೊಬ್ಬರ ಆಧಾರ್‌ಗೆ ಯಾರ ಮೊಬೈಲ್ ನಂಬರ್ ಜೋಡಣೆ ಆಗಿದೆ ನೋಡ್ರಿ. ಬಹಳ ಕಡೆ ಅದು ಗಂಡನದೋ ಮಗನದೋ ಇರುತ್ತದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ), ಬ್ಯಾಂಕ್, ಸಾಲದ ಅರ್ಜಿ ಎಲ್ಲಕ್ಕೂ ಒಟಿಪಿ ಆ ಫೋನಿಗೆ ಹೋಗುತ್ತದೆ. ಕಾಗದದ ಮೇಲೆ ಮಾಲೀಕಳು ಇವಳಾದರೂ ಕೀಲಿಕೈ ಇನ್ನೊಬ್ಬರ ಜೇಬಿನಲ್ಲಿ. ಅವಳ ಹೆಸರಿನ ಸಿಮ್, ಅವಳೊಬ್ಬಳ ಖಾತೆ, ಇಷ್ಟಾಗದೆ ಮುಂದಿನ ಹೆಜ್ಜೆ ಬೇಡ.

ಆಮೇಲೆ ವಾರದ ಕಂತುಗಳ ಪಟ್ಟಿ. ಸಂಘದ ಸಾಲ, ಮೈಕ್ರೋಫೈನಾನ್ಸ್, ಚಿನ್ನದ ಮೇಲಿನ ಸಾಲ, ಕೈಗಡ, ಎಲ್ಲ ಒಂದೇ ಹಾಳೆಯಲ್ಲಿ ಬರೆಸ್ರಿ. ಮೈಕ್ರೋಫೈನಾನ್ಸ್ ಸಾಲದಲ್ಲಿ ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ 2022ರಿಂದ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ದಾಟಿದವರಿಗೆ ಹೊಸ ಸಾಲ ಕೊಡಿಸಿದರೆ ಬಟ್ಟೆಗೆ ಬಂದ ದುಡ್ಡು ಹಳೇ ಕಂತಿಗೆ ಹೋಗುತ್ತದೆ, ಎರಡನೇ ಲಾಟಿಗೆ, ಅಂದರೆ ಮುಂದಿನ ಕಂತಿನ ಮಾಲಿಗೆ, ಬಂಡವಾಳವೇ ಇರುವುದಿಲ್ಲ. ಅಂಥವರು ಆರು ತಿಂಗಳು ಈಗಿನ ಹಾಗೆ ಪೀಸ್ ಲೆಕ್ಕದ ಕೂಲಿ ಹೊಲಿಗೆಯಲ್ಲೇ ಇದ್ದು ಕಂತು ಇಳಿಸಿಕೊಳ್ಳುವುದು ಲೇಸು. ಇದನ್ನು ಅವರಿಗೆ ಮುಖ ನೋಡಿ ಹೇಳುವ ಧೈರ್ಯ ನಿಮಗೆ ಬೇಕು.

ನೀವು ನಾಲ್ವರು ಒಬ್ಬೊಬ್ಬರಿಗೆ ಇಬ್ಬರು ಹೆಣ್ಣುಮಕ್ಕಳಂತೆ ಹಂಚಿಕೊಳ್ಳಿ. ಹಾಲ್‌ನಲ್ಲಿ ಕೂಡಿಸಿ ಭಾಷಣ ಬೇಡ, ಹದಿನೈದು ದಿನಕ್ಕೊಮ್ಮೆ ಅವಳ ಮಷೀನ್ ಪಕ್ಕದಲ್ಲೇ ಒಂದು ತಾಸು ಕೂತು ಲೆಕ್ಕದ ಪುಸ್ತಕ ನೋಡ್ರಿ. ನಳದ ನೀರು ಬಿಡುವ ದಿನ ಹೋಗಬೇಡ್ರಿ, ಅವತ್ತು ಯಾರಿಗೂ ಮಾತಾಡಲು ಪುರುಸೊತ್ತಿರಲ್ಲ. ಇನ್ನೊಂದು ಕಟ್ಟುನಿಟ್ಟು: ಮಾರ್ಗದರ್ಶಕರು ಜಾಮೀನು ಹಾಕಬಾರದು, ಬಟ್ಟೆ ಅಂಗಡಿಯಿಂದ ಕಮಿಷನ್ ಮುಟ್ಟಬಾರದು, ಅವಳ ಮಾಲನ್ನು ತಾವೇ ಕೊಳ್ಳಬಾರದು. ಹಣ ನಡುವೆ ಬಂದ ದಿನವೇ ಅವಳು ನಿಮಗೆ ನಿಜ ಹೇಳುವುದು ನಿಲ್ಲಿಸುತ್ತಾಳೆ.

ತಾನ್_ಮತ್ತು_ಕತ್ತರಿ:

ಪೀಸ್ ಹೊಲಿಯುವವರಿಗೆ ಕಟಿಂಗ್ ಆದ ಬಟ್ಟೆ ಕೈಗೆ ಬರುತ್ತದೆ. ಆದ್ದರಿಂದ ಹೊಲಿಗೆ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ ಬಟ್ಟೆಯ ಗುಣ ಗೊತ್ತಿರುವುದಿಲ್ಲ. ಮೊದಲ ನಷ್ಟ ಆಗುವುದು ಇಲ್ಲೇ.

ಪ್ರತಿ ತಾನಿನಿಂದಲೂ (ಬಟ್ಟೆಯ ಸುರುಳಿ) ಒಂದು ತುಂಡು ಕತ್ತರಿಸಿ, ಅದರ ಮೇಲೆ 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಚೌಕ ಅಳಿಸದ ಮಾರ್ಕರ್‌ನಿಂದ ಗೀಚಿ. ಲಾಟಿಗೆ ಯಾವ ವಾಶ್ ಕೊಡುತ್ತೀರೋ ಅದೇ ವಾಶ್ ಕೊಡಿಸಿ, ಪೂರ್ತಿ ಒಣಗಿದ ಮೇಲೆ ಅಳೆಯಿರಿ. ಅಗಲ 48 ಬಂತೆಂದರೆ 4% ಕುಗ್ಗಿದೆ. ಸೊಂಟದ ಅಳತೆ ಬಟ್ಟೆಯ ಅಗಲದ ಕಡೆ ಬರುತ್ತದೆ, ಹಾಗಾಗಿ ವಾಶ್ ಆದ ಮೇಲೆ 32 ಇಂಚು ಬೇಕಾದರೆ 32ನ್ನು 0.96ರಿಂದ ಭಾಗಿಸಿ 33.3 ಇಂಚಿಗೆ ಪ್ಯಾಟರ್ನ್ ಮಾಡಬೇಕು. ಸ್ಟ್ರೆಚ್ ಡೆನಿಮ್ ಅಗಲದಲ್ಲಿ ಇನ್ನೂ ಜಾಸ್ತಿ ಕುಗ್ಗುತ್ತದೆ. ಕಣ್ಣಂದಾಜಿನಲ್ಲಿ ಅರ್ಧ ಇಂಚು ಬಿಟ್ಟು ಕತ್ತರಿಸಿದವರ 32 ಸೈಜಿನ ಪ್ಯಾಂಟು ಅಂಗಡಿಯಲ್ಲಿ 31 ಆಗಿ ಕೂರುತ್ತದೆ.

ಎರಡು ತಾನುಗಳ ಬಟ್ಟೆ ಒಂದೇ ಬಂಡಲ್‌ನಲ್ಲಿ ಬೆರೆಯಕೂಡದು. ಕೋರಾ, ಅಂದರೆ ವಾಶ್ ಆಗದೆ, ಇರುವಾಗ ಎರಡೂ ಒಂದೇ ಬಣ್ಣ ಕಾಣುತ್ತವೆ, ವಾಶ್ ಆದ ಮೇಲೆ ಬಲಗಾಲು ಒಂದು ನೀಲಿ, ಎಡಗಾಲು ಒಂದು ನೀಲಿ. ಪ್ರತಿ ಬಂಡಲ್‌ಗೆ ತಾನಿನ ನಂಬರ್ ಬರೆದ ಚೀಟಿ ಕಟ್ಟಿ.

ಮಷೀನ್ ಬಗ್ಗೆ: ಕಾಜಾ (ಗುಂಡಿಯ ತೂತು ಹೊಲಿಯುವುದು) ಮತ್ತು ಬಾರ್‌ಟ್ಯಾಕ್ (ಜೇಬಿನ ಮೂಲೆಯಂಥ ಕಡೆ ಗಟ್ಟಿ ಹೊಲಿಗೆ ಹಾಕುವುದು) ಮಷೀನ್ ಈಗ ಕೊಳ್ಳಲೇಬೇಡಿ. ಒಂದು ಕಾಜಾ ಮಷೀನ್ ದಿನಕ್ಕೆ ನೂರಾರು ಪೀಸ್ ಮುಗಿಸುತ್ತದೆ, ಸಣ್ಣ ಯೂನಿಟ್‌ನಲ್ಲಿ ಅದು ದಿನವಿಡೀ ಖಾಲಿ ನಿಲ್ಲುತ್ತದೆ. ಪೀಸ್‌ಗೆ ಇಷ್ಟು ಅಂತ ಹೊರಗೆ ಮಾಡಿಸಿ. ಇದ್ದ ಮಷೀನ್‌ಗೆ ಕ್ಲಚ್ ಮೋಟರ್ ತೆಗೆದು ಸರ್ವೋ ಮೋಟರ್ ಹಾಕಿಸಿ, ಕಾಲು ಒತ್ತಿದಾಗ ಮಾತ್ರ ಕರೆಂಟು ತಿನ್ನುತ್ತದೆ. ಮತ್ತೆ, ಗೃಹಜ್ಯೋತಿ ಮೀಟರ್‌ನಲ್ಲಿ ಯೂನಿಟ್ ಓಡಿಸುವ ಯೋಚನೆ ಇದ್ದರೆ ಬಿಡಿ. ಅದು ಮನೆ ಬಳಕೆಗೆ ಮಾತ್ರ, ವಿದ್ಯುತ್ ಕಂಪನಿ ಜೆಸ್ಕಾಂನವರು ಕಂಡರೆ ದಂಡ ಬೀಳುತ್ತದೆ.

ಕೊಪ್ಪಳ_ಲೆಡ್ಜರ್:

ಮೇಲಿನವರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ರೇಟು ಉದಾಹರಣೆಗೆ ಅಷ್ಟೇ, ನಿಮ್ಮ ಮಾರುಕಟ್ಟೆಯದು ಹಾಕಿಕೊಳ್ಳಿ.

ಒಂದು ಪ್ಯಾಂಟಿಗೆ 1.2 ಮೀಟರ್ ಡೆನಿಮ್, ಮೀಟರ್‌ಗೆ ₹150ರಂತೆ ₹180. ಜೇಬಿನ ಬಟ್ಟೆ ₹10. ಜಿಪ್, ಬಟನ್, ರಿವೆಟ್, ಲೇಬಲ್ ₹25. ಕಟಿಂಗ್, ಹೊಲಿಗೆ ₹50. ಕಾಜಾ, ಬಾರ್‌ಟ್ಯಾಕ್ ₹6. ವಾಶಿಂಗ್ ₹20. ದಾರ ಕತ್ತರಿಸಿ, ಇಸ್ತ್ರಿ, ಪ್ಯಾಕಿಂಗ್ ₹9. ಒಟ್ಟು ₹300. ವ್ಯಾಪಾರಿ ₹315 ಕೊಡುತ್ತೇನೆಂದರೆ ಪೀಸ್‌ಗೆ ₹15 ಲಾಭ ಅಂತ ಕಾಣುತ್ತದೆ.

ಈಗ ನೂರು ಪೀಸ್‌ನಲ್ಲಿ ನಾಲ್ಕು ಸೆಕೆಂಡ್ಸ್ (ದೋಷ ಬಂದ ಪೀಸ್) ಆಗಿ ₹200ರಂತೆ ಹೋದವು ಅನ್ನಿ. ₹30,000ದಲ್ಲಿ ₹800 ಕಳೆದು 96ರಿಂದ ಭಾಗಿಸಿದರೆ ಒಳ್ಳೇ ಪೀಸ್‌ಗೆ ಬಿದ್ದ ಖರ್ಚು ₹304. ದುಡ್ಡು ಎರಡು ತಿಂಗಳ ಉದ್ದರಿ, ನೀವು ತಂದ ಸಾಲಕ್ಕೆ ತಿಂಗಳಿಗೆ 2% ಬಡ್ಡಿ, ಅಂದರೆ ಇನ್ನೂ ₹12. ಒಟ್ಟು ₹316. ಪ್ರತಿ ಪ್ಯಾಂಟಿಗೂ ಒಂದು ರೂಪಾಯಿ ಕೈಯಿಂದ ಹೋದಂತಾಯಿತು, ಬಾಡಿಗೆ, ಕರೆಂಟು ಇನ್ನೂ ಸೇರಿಸಿಲ್ಲ. ಇನ್ನೂ ಕೆಟ್ಟದ್ದೆಂದರೆ ಬಹಳ ಹೆಂಗಸರು ಆ ₹50 ಹೊಲಿಗೆ ಕೂಲಿಯನ್ನೂ ಬರೆಯುವುದಿಲ್ಲ, 'ನಾನೇ ಹೊಲಿದದ್ದಲ್ವಾ' ಅಂತ. ಆಗ ನಷ್ಟ ಕಣ್ಣಿಗೇ ಬೀಳದು. ಅವಳ ಕೂಲಿ ಮೊದಲು ಬರೆಯಬೇಕು. ನಿಮ್ಮ ಮಾರ್ಗದರ್ಶನ ಇದೊಂದನ್ನು ಸಾಧಿಸಿದರೂ ದೊಡ್ಡ ಕೆಲಸ.

ಉದ್ದರಿಗೆ ಕಾನೂನಿನ ಆಸರೆ ಇದೆ. ಸರ್ಕಾರಿ ಪೋರ್ಟಲ್‌ನಲ್ಲಿ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು, ಏಜೆಂಟರಿಗೆ ಒಂದು ಪೈಸೆ ಕೊಡಬೇಡಿ. ಟ್ರೇಡಿಂಗ್ ಅಂತ ತುಂಬದೆ ಉತ್ಪಾದನೆ ಅಂತಲೇ ತುಂಬಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಮಾಲು ಕೊಡುವ ಮೊದಲೇ ನೋಂದಣಿ ಆಗಿರಲಿ, ಆಮೇಲೆ ಮಾಡಿಸಿದರೆ ತಕರಾರು ಏಳುತ್ತದೆ. ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿ, ಮಾಲು ಮುಟ್ಟಿಸಿದ ಚೀಟಿಗೆ (ಚಲನ್) ವ್ಯಾಪಾರಿಯ ಸಹಿ ತಗೊಳ್ಳಿ. ಸಹಿ ಇಲ್ಲದ ಮಾಲಿಗೆ ಯಾವ ಕಾನೂನೂ ನಿಲ್ಲದು.

ಬಳ್ಳಾರಿಯವರು ಎಡವುವ ಇನ್ನೊಂದು ಜಾಗ ಜಿಎಸ್‌ಟಿ. ರಾಜ್ಯದೊಳಗೆ ಸರಕಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಆದರೆ ಗುಂತಕಲ್ಲು, ಆದೋನಿ, ರಾಯದುರ್ಗ ಎಷ್ಟೇ ಹತ್ತಿರವಾದರೂ ಆಂಧ್ರ. ಅಲ್ಲಿನ ವ್ಯಾಪಾರಿಗೆ ಮಾರುವುದಾದರೆ ಮೊದಲ ಪೀಸ್‌ನಿಂದಲೇ ನೋಂದಣಿ ಬೇಕು.

ಕೌಲ್‌ಬಜಾರ್_ಓಣಿ:

ಎಲ್ಲರಿಗೂ ಶರಣು. ಇನ್ನೆರಡು ಕೇಳಬೇಕು. ಪ್ಯಾಂಟಿನಲ್ಲಿ ತೂತು ಬಿದ್ದರೆ ವಾಶಿಂಗ್‌ನವರು ಹೊಲಿಗೆ ತಪ್ಪು ಅಂತಾರೆ, ಹೊಲಿದವರು ವಾಶಿಂಗ್ ತಪ್ಪು ಅಂತಾರೆ. ತೀರ್ಮಾನ ಹೇಗೆ? ಕಂತು ಕಡಿಮೆ ಇರುವವರಿಗೆ ಯಾವ ಸಾಲ?

ತಾನ್_ಮತ್ತು_ಕತ್ತರಿ:

ತೂತು ಹೊಲಿಗೆಯ ಸಾಲಿನುದ್ದಕ್ಕೂ ಇದ್ದರೆ ಮೊಂಡು ಸೂಜಿಯ ಕೆಲಸ. ಡೆನಿಮ್‌ಗೆ 16 ಅಥವಾ 18 ನಂಬರ್ ಸೂಜಿ ಹಾಕಿ, ಮುರಿಯುವ ತನಕ ಕಾಯದೆ ಬದಲಾಯಿಸುತ್ತಿರಬೇಕು. ಜೇಬಿನ ಅಂಚು, ದಪ್ಪ ಮಡಿಕೆಯ ಮೇಲೆ ಸವೆದಂತೆ ಇದ್ದರೆ ಎಂಜೈಮ್ ಅಥವಾ ಸ್ಟೋನ್ ವಾಶ್ ಹೊತ್ತು ಮೀರಿದೆ. ಬ್ಲೀಚ್ ಆದ ಮೇಲೆ ನ್ಯೂಟ್ರಲ್ ಮಾಡದೆ ಬಿಟ್ಟಿದ್ದರೆ ಪ್ಯಾಂಟು ಅಂಗಡಿಯಲ್ಲಿ ಇಟ್ಟಲ್ಲೇ ಹಳದಿ ತಿರುಗಿ, ಎಳೆದರೆ ಹರಿಯುತ್ತದೆ. ಲಾಟಿಗೆ ಮೊದಲು ಎರಡು ಪೀಸ್ ಟ್ರಯಲ್ ವಾಶ್ ಮಾಡಿಸಿ, ಒಂದನ್ನು ಅವರ ಸಹಿಯೊಂದಿಗೆ ನೀವಿಟ್ಟುಕೊಳ್ಳಿ. ವಾಶ್ ಆಗದ ಒಂದು ಪೀಸ್ ಕೂಡ ತೆಗೆದಿಡಿ. ಜಗಳ ಬಂದಾಗ ಇವೆರಡೂ ಪಕ್ಕಪಕ್ಕ ಇಟ್ಟರೆ ಮಾತು ಬೇಗ ಮುಗಿಯುತ್ತದೆ.

ಸಿಂಧನೂರು_ಅಕ್ಕ:

ಮೊದಲ ಲಾಟಿಗೆ ಬ್ಯಾಂಕಿನಲ್ಲಿ ಸಿಗುವ ಮುದ್ರಾ ಯೋಜನೆಯ ಶಿಶು ಸಾಲ ಸಾಕು, ₹50,000ದವರೆಗೆ, ಅಡಮಾನ ಬೇಕಿಲ್ಲ. ಮೇಲಿನ ಲೆಕ್ಕದಲ್ಲಿ ನೂರು ಪೀಸ್‌ಗೆ ₹30,000 ಹೋದರೂ ಉಳಿದದ್ದು ಉದ್ದರಿ ಬರುವ ತನಕ ಕೈ ಹಿಡಿಯುತ್ತದೆ. ಮಷೀನ್‌ಗೆ ಅಂತಲೇ ಬೇಕಾದಾಗ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ನೋಡ್ರಿ. ₹3 ಲಕ್ಷದವರೆಗೆ, ಪರಿಶಿಷ್ಟರಿಗೆ ಅರ್ಧ ಸಹಾಯಧನ, ಉಳಿದವರಿಗೆ 30%, ಗರಿಷ್ಠ ₹90,000. ಆದಾಯದ ಮಿತಿ ಇದೆ, ಅರ್ಜಿಗೆ ಮುಂಚೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಈ ವರ್ಷದ ನಿಯಮ ಕೇಳ್ರಿ. ಎಂಟೂ ಜನ ಒಟ್ಟಿಗೆ ಅರ್ಜಿ ಹಾಕಬೇಕಿಲ್ಲ. ಲೆಕ್ಕದ ಪುಸ್ತಕ ಮೂರು ತಿಂಗಳು ಬಿಡದೆ ಬರೆದವರನ್ನು ಮೊದಲು ಕಳಿಸ್ರಿ, ಬ್ಯಾಂಕ್ ಮ್ಯಾನೇಜರ್ ಮುಂದೆ ಆ ಪುಸ್ತಕವನ್ನು ಅವಳೇ ಬಿಚ್ಚಿ ತೋರಿಸಲಿ, ನೀವು ಹೊರಗಿನ ಬೆಂಚಿನ ಮೇಲೆ ಕೂಡ್ರಿ.