ಸೇನೆ, ಸರ್ಕಾರ ಮತ್ತು ರಾಯಭಾರ ಕಚೇರಿಗಳ ವಾಹನಗಳ ನಂಬರ್ ಪ್ಲೇಟ್: ನೋಂದಣಿ ಯಾರದು, ರಕ್ಷಣೆ ಎಷ್ಟು?

ಪ್ರಶ್ನೆ

ಸೇನೆಯ ಲಾರಿಯೊಂದರ ಹಿಂದೆ ಬಹಳ ಹೊತ್ತು ಸಾಗಬೇಕಾಗಿ ಬಂದಾಗ ಅದರ ನಂಬರ್ ಪ್ಲೇಟನ್ನು ಗಮನಿಸಿ ನೋಡಿದೆ. ರಾಜ್ಯವನ್ನು ಸೂಚಿಸುವ ಅಕ್ಷರಗಳೇ ಅದರಲ್ಲಿರಲಿಲ್ಲ. ಮೊದಲಿಗೆ ಮೇಲ್ಮುಖವಾದ ಒಂದು ಬಾಣ, ಅದರ ಪಕ್ಕದಲ್ಲಿ ಎರಡು ಅಂಕಿ, ಆಮೇಲೆ ಒಂದು ಅಕ್ಷರ, ಸಂಖ್ಯೆ, ಕೊನೆಗೆ ಮತ್ತೊಂದು ಅಕ್ಷರ. ಇಂತಹ ವಾಹನಗಳ ನೋಂದಣಿ ಎಲ್ಲಿ ಆಗುತ್ತದೆ? ರಾಯಭಾರ ಕಚೇರಿಗಳ ಕಾರುಗಳಿಗೆ ನೀಲಿ ಪ್ಲೇಟ್ ಇರುವುದರಿಂದ ಸಂಚಾರ ನಿಯಮಗಳೇ ಅನ್ವಯಿಸುವುದಿಲ್ಲ ಎನ್ನುತ್ತಾರೆ, ಅದು ನಿಜವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನೀವು ಕಂಡ ಬಾಣ ಹಿಂದೆ ಬ್ರಿಟಿಷ್ ಸರ್ಕಾರ ತನ್ನ ಸ್ವತ್ತಿನ ಮೇಲೆ ಒತ್ತುತ್ತಿದ್ದ ಗುರುತು. ಬಾಣದ ಪಕ್ಕದ ಎರಡು ಅಂಕಿಗಳು ಸೇನೆ ಆ ವಾಹನವನ್ನು ಪಡೆದ ವರ್ಷವನ್ನು ಹೇಳುತ್ತವೆ. ದೇಶದ ರಕ್ಷಣೆಗೆ ಬಳಸುವ, ವಾಣಿಜ್ಯ ಉದ್ದೇಶವಿಲ್ಲದ ಕೇಂದ್ರ ಸರ್ಕಾರದ ವಾಹನಗಳನ್ನು ಪ್ರತ್ಯೇಕವಾಗಿ ನೋಂದಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ 60ನೇ ಕಲಮು ಅವಕಾಶ ಕೊಟ್ಟಿದೆ. ಆದ್ದರಿಂದ ಅವು ಆರ್‌ಟಿಒ ಕಚೇರಿಗೆ ಹೋಗದೆ ರಕ್ಷಣಾ ಸಚಿವಾಲಯದ ವ್ಯವಸ್ಥೆಯಲ್ಲೇ ನೋಂದಣಿಯಾಗುತ್ತವೆ. ಜರ್ಮನಿಯಲ್ಲಿ ಸೇನೆಯ ವಾಹನಗಳಿಗೆ ‘ವೈ’ ಅಕ್ಷರ ಮೀಸಲು. ರಷ್ಯಾದಲ್ಲಿ ಕಪ್ಪು ಹಲಗೆಯ ಮೇಲೆ ಬಿಳಿ ಬರಹ.

ಉತ್ತರ 2

ಎರಡನೆಯ ಪ್ರಶ್ನೆಗೆ ನಾನು ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಭಾರತದಲ್ಲಿ ರಾಜತಾಂತ್ರಿಕರ ಕಾರುಗಳ ತಿಳಿನೀಲಿ ಹಲಗೆಯಲ್ಲಿ ಮೊದಲು ಬರುವ ಸಂಖ್ಯೆ ದೇಶವನ್ನು ಸೂಚಿಸುತ್ತದೆ, ಅನಂತರ ‘ಸಿಡಿ’ (ರಾಜತಾಂತ್ರಿಕ ವರ್ಗ) ಎಂಬ ಅಕ್ಷರಗಳು, ಕೊನೆಗೆ ವಾಹನದ ಸಂಖ್ಯೆ. ಆದರೆ ವಿನಾಯಿತಿ ಈ ಹಲಗೆಯಿಂದ ಹುಟ್ಟುವುದಿಲ್ಲ; ಅದು ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದಿಂದ ಬರುತ್ತದೆ. ದೂತಾವಾಸದ ವಾಹನವನ್ನು ಶೋಧಿಸುವಂತಿಲ್ಲ, ಜಪ್ತಿ ಮಾಡುವಂತಿಲ್ಲ ಎಂದು ಅದರ 22ನೇ ವಿಧಿ ಹೇಳಿದರೆ, ಆತಿಥೇಯ ದೇಶದ ಕಾನೂನುಗಳನ್ನು ಗೌರವಿಸುವುದು ರಾಜತಾಂತ್ರಿಕರ ಕರ್ತವ್ಯವೆಂದು 41ನೇ ವಿಧಿ ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಕೆಂಪು ದೀಪ ಅವರಿಗೂ ಕೆಂಪು ದೀಪವೇ. ದಂಡ ವಸೂಲಿಗಾಗಿ ಅವರನ್ನು ನ್ಯಾಯಾಲಯಕ್ಕೆ ಎಳೆಯುವುದು ಮಾತ್ರ ಕಷ್ಟ. ಹಲಗೆ ಕಾರಿನ ಶಾಶ್ವತ ಸ್ವತ್ತೂ ಅಲ್ಲ. ರಾಜತಾಂತ್ರಿಕರಲ್ಲದವರಿಗೆ ಆ ಕಾರನ್ನು ಮಾರಿದರೆ ಮೋಟಾರು ವಾಹನ ಕಾಯ್ದೆಯ 42ನೇ ಕಲಮಿನ ಪ್ರಕಾರ ಆ ನೋಂದಣಿ ಅಸಿಂಧುವಾಗುತ್ತದೆ, ಹೊಸ ಮಾಲೀಕರು ಎಲ್ಲರಂತೆ ನೋಂದಣಿ ಮಾಡಿಸಬೇಕು.

ಉತ್ತರ 3

ಮೇಲಿನವರ ಮಾತು ಕಾನೂನಿನ ದೃಷ್ಟಿಯಿಂದ ಸರಿ, ಆದರೆ ಬೀದಿಯಲ್ಲಿ ನಡೆದದ್ದನ್ನೂ ನೋಡಬೇಕು. ನ್ಯೂಯಾರ್ಕಿನಲ್ಲಿ 1997ರ ನವೆಂಬರಿನಿಂದ 2002ರ ಕೊನೆಯವರೆಗೆ ವಿಶ್ವಸಂಸ್ಥೆಯ ರಾಜತಾಂತ್ರಿಕರು ಕಟ್ಟದೆ ಬಿಟ್ಟ ಪಾರ್ಕಿಂಗ್ ದಂಡದ ಚೀಟಿಗಳು ಒಂದೂವರೆ ಲಕ್ಷವನ್ನು ಮೀರಿದ್ದವು. 2002ರ ಅಕ್ಟೋಬರಿನಲ್ಲಿ, ದಂಡ ಬಾಕಿಯಿರುವ ಕಾರುಗಳ ರಾಜತಾಂತ್ರಿಕ ಪ್ಲೇಟನ್ನೇ ಕಳಚುವ ಅಧಿಕಾರ ನಗರಕ್ಕೆ ಸಿಕ್ಕಿತು. ಆ ಬಳಿಕ ದಂಡ ಕಟ್ಟದ ಪ್ರಕರಣಗಳು ಶೇ. 98ರಷ್ಟು ಇಳಿದವು. ಯಾರನ್ನೂ ಬಂಧಿಸದೆ, ಹಲಗೆ ಕಳಚುವಂಥ ಕ್ರಮಗಳ ಭಯದಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ನೆನೆದರೆ ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ. ವಿನಾಯಿತಿ ಪ್ಲೇಟಿನಿಂದ ಬರುವುದಿಲ್ಲವಾದರೂ ರಸ್ತೆಯಲ್ಲಿ ಅದನ್ನು ಸಾರಿ ಹೇಳುವುದು ಪ್ಲೇಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ‘ಸಿಡಿ’ ಬದಲು ‘ಸಿಸಿ’ ಎಂದಿರುವ ಹಲಗೆಗಳಿಗೂ ಇದೇ ರಕ್ಷಣೆ ಇದೆಯೇ?

ಉತ್ತರ 2

ಇಲ್ಲ. ‘ಸಿಸಿ’ ಎಂದರೆ ಕಾನ್ಸುಲೇಟ್ ಕಚೇರಿಯ (ವೀಸಾ, ಪಾಸ್‌ಪೋರ್ಟ್‌ನಂಥ ಕೆಲಸ ನೋಡಿಕೊಳ್ಳುವ ವಿದೇಶಿ ಕಚೇರಿಯ) ಅಧಿಕಾರಿಗಳ ವಾಹನ. ಅವರಿಗೆ 1963ರ ಪ್ರತ್ಯೇಕ ವಿಯೆನ್ನಾ ಒಪ್ಪಂದ ಅನ್ವಯಿಸುತ್ತದೆ. ಅದರಡಿ ಸಿಗುವ ವಿನಾಯಿತಿ ಮುಖ್ಯವಾಗಿ ಅಧಿಕೃತ ಕರ್ತವ್ಯದ ಕೆಲಸಗಳಿಗೆ ಸೀಮಿತ. ಅವರ ವಾಹನದಿಂದ ಅಪಘಾತವಾದರೆ ಗಾಯಗೊಂಡವರು ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡುವುದಕ್ಕೆ ಆ ಒಪ್ಪಂದವೇ ದಾರಿ ಬಿಟ್ಟಿದೆ.